ಬಂದರಿನ ಹೊರಗೆ ಲಂಗರು: ಎಲ್ಲಿ ಹಾಕಬಾರದು, ಎಲ್ಲಿ ಹಾಕಬಹುದು, ಹಾಕಿದ ಮೇಲೆ ಏನು ಮಾಡಬೇಕು

"ಬರ್ತ್ ಖಾಲಿ ಇಲ್ಲ. ಪೈಲಟ್ ನಾಳೆ ಬೆಳಿಗ್ಗೆ ಬರುತ್ತಾರೆ. ಅಲ್ಲಿಯವರೆಗೆ ಹೊರಗೆ ಲಂಗರು ಹಾಕಿ ಕಾಯಿರಿ." ಸರಕು ಹಡಗಿನವರಿಗೆ ಇದು ಮಾಮೂಲಿ ಮಾತು. ಬರ್ತ್ ಅಂದರೆ ಬಂದರಿನಲ್ಲಿ ಹಡಗು ಕಟ್ಟುವ ಜಾಗ, ಪೈಲಟ್ ಅಂದರೆ ಹಡಗನ್ನು ಬಂದರಿನೊಳಗೆ ಕರೆದೊಯ್ಯುವ ಸ್ಥಳೀಯ ಮಾರ್ಗದರ್ಶಿ. ಲಂಗರು ನೀರಿಗೆ ಬಿದ್ದ ಕೂಡಲೇ ಹಡಗಿನಲ್ಲಿ ಎಲ್ಲರೂ ನಿರಾಳವಾಗುತ್ತಾರೆ. ಎಂಜಿನ್ ರೂಮಿನವರು ರಿಪೇರಿ ಕೆಲಸ ತೆಗೆಯುತ್ತಾರೆ. ರಾತ್ರಿ ಪಾಳಿಯವರು ನಿದ್ದೆ ಮಾಡಲು ಹೋಗುತ್ತಾರೆ.

ಆದರೆ ಬಂದರಿನ ಬಾಯಲ್ಲಿ ಸಮುದ್ರದ ತಳ ಖಾಲಿ ಇರುವುದಿಲ್ಲ. ಇಂಟರ್ನೆಟ್ ಕೇಬಲ್, ಕರೆಂಟ್ ಕೇಬಲ್, ತೈಲದ ಪೈಪು, ಅನಿಲದ ಪೈಪು ಎಲ್ಲವೂ ದಡ ಹತ್ತುವುದು ಹೆಚ್ಚಾಗಿ ಅಲ್ಲೇ. ಹಳೆಯ ಮುಳುಗಿದ ಹಡಗುಗಳೂ ಅಲ್ಲೇ ಇರುತ್ತವೆ. ಅವುಗಳ ಹತ್ತಿರವೇ ನಿಮ್ಮ ಲಂಗರು, ಅಂದರೆ ಹಲವು ಟನ್ ತೂಕದ ಉಕ್ಕಿನ ಕೊಕ್ಕೆಯೊಂದು, ನಿಂತಿರುತ್ತದೆ. ಅದು ಜಾರಿದರೆ ಏನಾಗಬಹುದು ಅಂತ ಯೋಚಿಸಿ.

ನಾನು ಹಲವು ವರ್ಷ ಡೆಕ್ ಆಫೀಸರ್ ಆಗಿದ್ದವನು. ಹೊಸದಾಗಿ ಹಡಗು ಹತ್ತಿದ ಕಿರಿಯ ಅಧಿಕಾರಿಗಳನ್ನು, ಶಿಪ್ಪಿಂಗ್ ಏಜೆನ್ಸಿಗಳಲ್ಲಿ ಕೆಲಸ ಮಾಡುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಮುಖ್ಯವಾಗಿ ಹೇಳಬೇಕಾದದ್ದು ಒಂದೇ. ನಿಷೇಧಿತ ಜಾಗ ಎಷ್ಟು ದೂರ ಇದೆ ಅನ್ನುವುದನ್ನು ಹಡಗು ನಿಂತ ಜಾಗದಿಂದ ಅಳೆಯಬೇಡಿ. ಲಂಗರು ಜಾರಿದರೆ ಹಡಗು ಎಲ್ಲಿಗೆ ಹೋಗಿ ಮುಟ್ಟುತ್ತದೋ ಅಲ್ಲಿಂದ ಅಳೆಯಿರಿ.

ಹೆಜ್ಜೆ 1: ಮೊದಲು ಬೇಡದ ಜಾಗ ಗುರುತಿಸಿ

ಹೆಚ್ಚಿನವರು ಚಾರ್ಟ್, ಅಂದರೆ ಸಮುದ್ರದ ನಕ್ಷೆ, ತೆಗೆದ ಕೂಡಲೇ ಒಳ್ಳೆಯ ಜಾಗ ಹುಡುಕಲು ಶುರು ಮಾಡುತ್ತಾರೆ. ನನ್ನ ಪ್ರಕಾರ ಅದು ಉಲ್ಟಾ ಕ್ರಮ. ಮೊದಲು ಎಲ್ಲೆಲ್ಲಿ ಹಾಕಬಾರದು ಅನ್ನುವುದನ್ನು ಗುರುತಿಸಿ. ಉಳಿದದ್ದರಲ್ಲಿ ಆರಿಸಿಕೊಳ್ಳಿ.

ಚಾರ್ಟಿನಲ್ಲಿ ಇಂಥ ಗುರುತುಗಳು ಹೆಚ್ಚಾಗಿ ಮಜೆಂಟಾ ಬಣ್ಣದಲ್ಲಿ, ಅಂದರೆ ಕಡುಗುಲಾಬಿಯಲ್ಲಿ ಇರುತ್ತವೆ. ಲಂಗರಿನ ಚಿತ್ರದ ಮೇಲೆ ಅಡ್ಡಗೆರೆ ಎಳೆದಿದ್ದರೆ ಅಲ್ಲಿ ಲಂಗರು ನಿಷೇಧ. ಹಾವಿನಂತೆ ಬಳುಕುವ ಗೆರೆ ಸಮುದ್ರದಡಿಯ ಕೇಬಲ್. ಅದರ ಮೇಲೆ ಮಿಂಚಿನ ಗುರುತು ಇದ್ದರೆ ಕರೆಂಟ್ ಕೇಬಲ್. ಗೆರೆಯ ನಡುನಡುವೆ ಚುಕ್ಕಿ ಇದ್ದರೆ ಪೈಪ್‌ಲೈನ್. ನಿರ್ಬಂಧಿತ ಪ್ರದೇಶದ ಅಂಚಿಗೆ ಇಂಗ್ಲಿಷಿನ ಟೀ ಅಕ್ಷರದ ಆಕಾರದ ಗೆರೆಗಳಿರುತ್ತವೆ. ಆ ಟೀಯ ಕಾಲು ಯಾವ ಕಡೆಗೆ ಚಾಚಿದೆಯೋ ಆ ಕಡೆ ನಿರ್ಬಂಧ ಇದೆ ಅಂತ ಅರ್ಥ. ಇದನ್ನು ಗಮನಿಸದೆ ಒಳಗೆ ಯಾವುದು, ಹೊರಗೆ ಯಾವುದು ಅಂತ ಗಲಿಬಿಲಿ ಮಾಡಿಕೊಂಡವರನ್ನು ನೋಡಿದ್ದೇನೆ.

ಎಲೆಕ್ಟ್ರಾನಿಕ್ ಚಾರ್ಟ್ ಬಳಸುವವರಿಗೆ ಒಂದು ಎಚ್ಚರಿಕೆ. ಪರದೆಯಲ್ಲಿ ಎಲ್ಲ ಮಾಹಿತಿಯೂ ಯಾವಾಗಲೂ ಕಾಣುವುದಿಲ್ಲ. ಪರದೆ ಚೊಕ್ಕಟವಾಗಿರಲಿ ಅಂತ ಯಾರೋ ಹಿಂದಿನ ಪಾಳಿಯಲ್ಲಿ ಕೇಬಲ್, ಪೈಪ್‌ಲೈನ್ ಪದರಗಳನ್ನು ಆಫ್ ಮಾಡಿರಬಹುದು. ಲಂಗರಿನ ಯೋಜನೆ ಮಾಡುವಾಗ ಎಲ್ಲ ಪದರಗಳನ್ನೂ ಆನ್ ಮಾಡಿ, ಚಾರ್ಟನ್ನು ದೊಡ್ಡದು ಮಾಡಿ ನೋಡಿ.

ಕೇಬಲ್, ಪೈಪು ಬಿಟ್ಟು ಇನ್ನೂ ಕೆಲವು ಜಾಗಗಳಿವೆ. ಹಡಗುಗಳು ಓಡಾಡುವ ಕಾಲುವೆ, ಪೈಲಟ್ ಹತ್ತುವ ಜಾಗ, ತೈಲ ಇಳಿಸಲು ತೇಲಿಬಿಟ್ಟ ಬೋಯ್‌ಗಳ ಸುತ್ತ, ಹೂಳು ಸುರಿಯುವ ಜಾಗ, ನೌಕಾಪಡೆ ಗುಂಡು ಹಾರಿಸಿ ಅಭ್ಯಾಸ ಮಾಡುವ ಪ್ರದೇಶ, ಮೀನು ಸಾಕುವ ಜಾಗ, ಹವಳದ ದಿಬ್ಬ, ಕಡಲಹುಲ್ಲಿನ ತಳ. 1972ರ ಘರ್ಷಣೆ ತಡೆ ನಿಯಮಗಳು, ಅಂದರೆ ಕಾಲ್‌ರೆಗ್ಸ್, ಇಕ್ಕಟ್ಟಾದ ಕಾಲುವೆಯಲ್ಲಿ ಸಾಧ್ಯವಾದಷ್ಟೂ ಲಂಗರು ಹಾಕಬೇಡಿ ಅನ್ನುತ್ತವೆ. ಅದು 9ನೇ ನಿಯಮ. ಹೋಗುವ ಹಡಗು, ಬರುವ ಹಡಗುಗಳನ್ನು ಬೇರ್ಪಡಿಸುವ ಸಂಚಾರ ಪಥದಲ್ಲೂ, ಅದು ಮುಗಿಯುವ ತುದಿಗಳ ಹತ್ತಿರವೂ ಬೇಡ ಅನ್ನುತ್ತದೆ 10ನೇ ನಿಯಮ. ತುದಿಯ ವಿಷಯವನ್ನು ತುಂಬ ಜನ ಮರೆಯುತ್ತಾರೆ. ಪಥ ಮುಗಿಯಿತಲ್ಲ, ಇನ್ನು ಪರವಾಗಿಲ್ಲ ಅಂದುಕೊಳ್ಳುತ್ತಾರೆ. ಆದರೆ ಹಡಗುಗಳು ಎಲ್ಲ ದಿಕ್ಕಿನಿಂದ ಬಂದು ಸೇರುವುದು ಅಲ್ಲೇ.

ಸಮುದ್ರದಲ್ಲಿ ನಿಲ್ಲಿಸಿದ ತೈಲದ ಕಟ್ಟೆಗಳಂಥ ರಚನೆಗಳ ಸುತ್ತ 500 ಮೀಟರ್‌ವರೆಗೆ ಸುರಕ್ಷತಾ ವಲಯ ಮಾಡಲು ವಿಶ್ವಸಂಸ್ಥೆಯ ಸಮುದ್ರ ಕಾನೂನು ಒಪ್ಪಂದದಲ್ಲಿ ಅವಕಾಶವಿದೆ. ಆ 500 ಮೀಟರ್ ಯಾವ ಹಡಗೂ ನುಗ್ಗದಿರಲಿ ಅಂತ ಎಳೆದ ಗೆರೆ. ಲಂಗರು ಹಾಕಲು ಅದರ ಅಂಚು ಸಾಕು ಅಂತ ತಿಳಿಯಬೇಡಿ.

ಚಾರ್ಟ್ ನೋಡಿದರೆ ಮುಗಿಯಲಿಲ್ಲ. ವಾರವಾರ ಬರುವ ನಾವಿಕರ ಸೂಚನೆಗಳಲ್ಲಿ ತಾತ್ಕಾಲಿಕ ತಿದ್ದುಪಡಿಗಳಿರುತ್ತವೆ. 518 ಕಿಲೋಹರ್ಟ್ಸ್‌ನಲ್ಲಿ ಬರುವ ನ್ಯಾವ್‌ಟೆಕ್ಸ್ ಎಂಬ ರೇಡಿಯೋ ಎಚ್ಚರಿಕೆ ಸಂದೇಶದಲ್ಲಿ ನಿನ್ನೆ ಶುರುವಾದ ಕೇಬಲ್ ಕೆಲಸದ ಸುದ್ದಿ ಇರಬಹುದು. ಬಂದರಿನದೇ ನಿಯಮಗಳಿರುತ್ತವೆ. ಮೂರನ್ನೂ ಓದಿ.

ಹೆಜ್ಜೆ 2: ಜಾರಿದರೆ ಎಷ್ಟು ದೂರ ಹೋಗುತ್ತೇವೆ?

ಇಡೀ ಲೇಖನದಲ್ಲಿ ನನಗೆ ಅತಿ ಮುಖ್ಯವಾದ ಹೆಜ್ಜೆ ಇದು. ಒಂದು ಕಾಗದ ತೆಗೆದುಕೊಂಡು ನನ್ನ ಜೊತೆ ಲೆಕ್ಕ ಹಾಕಿ.

ಲಂಗರಿನ ಸರಪಳಿಯನ್ನು ಶ್ಯಾಕಲ್‌ಗಳಲ್ಲಿ ಅಳೆಯುತ್ತೇವೆ. ಒಂದು ಶ್ಯಾಕಲ್ ಅಂದರೆ ಸುಮಾರು 27.5 ಮೀಟರ್. ನೀವು 8 ಶ್ಯಾಕಲ್ ಬಿಟ್ಟಿದ್ದೀರಿ ಅಂದುಕೊಳ್ಳೋಣ. 220 ಮೀಟರ್ ಆಯಿತು. ಸರಪಳಿ ಎತ್ತುವ ಯಂತ್ರ ವಿಂಡ್‌ಲಾಸ್. ಹಡಗುಗಳನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ವರ್ಗೀಕರಣ ಸಂಸ್ಥೆಗಳ ನಿಯಮದ ಪ್ರಕಾರ ಅದು ನಿಮಿಷಕ್ಕೆ ಕನಿಷ್ಠ 9 ಮೀಟರ್ ಸರಾಸರಿ ವೇಗದಲ್ಲಿ ಎತ್ತಬೇಕು. 220 ಮೀಟರ್ ಎತ್ತಲು ಸುಮಾರು 25 ನಿಮಿಷ ಬೇಕು. ಅದೂ ಶಾಂತ ಸಮುದ್ರದಲ್ಲಿ, ಯಂತ್ರ ಚೆನ್ನಾಗಿದ್ದರೆ.

ಲಂಗರು ಜಾರುತ್ತಿದೆ ಅಂತ ಕಾವಲಿನಲ್ಲಿರುವವರಿಗೆ ಖಚಿತವಾಗಲು 10 ನಿಮಿಷ ಇಡಿ. ಎಂಜಿನ್ ಸಿದ್ಧವಾಗಲು, ಮಲಗಿದವರು ಎದ್ದು ಹಡಗಿನ ಮುಂಭಾಗಕ್ಕೆ ಓಡಲು 15 ನಿಮಿಷ. ಒಟ್ಟು 50 ನಿಮಿಷ. ಹಡಗು ಗಂಟೆಗೆ 2 ನಾಟಿಕಲ್ ಮೈಲಿ ವೇಗದಲ್ಲಿ ಜಾರುತ್ತಿದ್ದರೆ, ಲಂಗರು ಮೇಲೆ ಬರುವ ಹೊತ್ತಿಗೆ ಒಂದೂಮುಕ್ಕಾಲು ಮೈಲಿಯ ಹತ್ತಿರ ಹೋಗಿರುತ್ತದೆ. ಅಂದರೆ 3 ಕಿಲೋಮೀಟರ್. ಈ ಅಷ್ಟೂ ದೂರ ಲಂಗರು ತಳವನ್ನು ಉಳುತ್ತಾ ಬಂದಿರುತ್ತದೆ.

ಈಗ ಚಾರ್ಟ್ ನೋಡಿ. ಗಾಳಿ ಬೀಸಿ ಹೋಗುವ ದಿಕ್ಕಿನಲ್ಲಿ ಮುಕ್ಕಾಲು ಮೈಲಿಗೆ ಒಂದು ಪೈಪ್‌ಲೈನ್ ಇದೆ. ನಿಯಮದ ಪ್ರಕಾರ ನೀವು ನಿಂತದ್ದು ಸರಿಯಾದ ಜಾಗವೇ. ಆದರೆ ಲೆಕ್ಕದ ಪ್ರಕಾರ ಸರಿಯಲ್ಲ.

2007ರ ಜೂನ್ ತಿಂಗಳೊಂದರಲ್ಲೇ ಇಂಥ ಎರಡು ಘಟನೆ ನಡೆದವು. ಜೂನ್ 8ರಂದು ಆಸ್ಟ್ರೇಲಿಯಾದ ನ್ಯೂಕ್ಯಾಸಲ್ ಬಂದರಿನ ಹೊರಗೆ ಕಲ್ಲಿದ್ದಲು ತುಂಬಿಸಿಕೊಳ್ಳಲು ಹತ್ತಾರು ಹಡಗುಗಳು ಲಂಗರು ಹಾಕಿ ಕಾಯುತ್ತಿದ್ದವು. ಬಿರುಗಾಳಿ ಬಂತು. ಕೆಲವು ಹಡಗುಗಳು ಮೊದಲೇ ಲಂಗರು ಎತ್ತಿ ಆಳ ಸಮುದ್ರಕ್ಕೆ ಹೋಗಿದ್ದವು. 'ಪಾಷಾ ಬಲ್ಕರ್' ಹೋಗಿರಲಿಲ್ಲ. ಸುಮಾರು 225 ಮೀಟರ್ ಉದ್ದದ ಖಾಲಿ ಹಡಗು ಅದು. ಲಂಗರು ಜಾರಿದ ಮೇಲೆ ಎತ್ತಿದರು, ಆದರೆ ಆಗಲೇ ತಡವಾಗಿತ್ತು. ಹಡಗು ನಾಬೀಸ್ ಬೀಚ್‌ಗೆ ಹೋಗಿ ಕೂತಿತು. ಅದನ್ನು ಎಳೆದು ತೇಲಿಸಿದ್ದು ಜುಲೈ 2ಕ್ಕೆ.

ಜೂನ್ 25ರಂದು ಇಂಗ್ಲೆಂಡಿನ ಟೀಸ್ ಕೊಲ್ಲಿಯಲ್ಲಿ 'ಯಂಗ್ ಲೇಡಿ' ಎಂಬ ಖಾಲಿ ಟ್ಯಾಂಕರ್ ಕೆಟ್ಟ ಹವೆಯಲ್ಲಿ ಜಾರತೊಡಗಿತು. ಲಂಗರು ಎತ್ತಲು ಹೋದಾಗ ವಿಂಡ್‌ಲಾಸ್‌ನ ಹೈಡ್ರಾಲಿಕ್ ಮೋಟರ್ ಒಡೆದುಹೋಯಿತು. ಇದ್ದಷ್ಟೂ ಸರಪಳಿ ಓಡಿ ಹೊರಗೆ ಹೋಯಿತು. ಎತ್ತುವ ದಾರಿಯೇ ಇಲ್ಲ. ಜಾರುತ್ತಾ ಹೋದ ಲಂಗರು ತಳದಲ್ಲಿದ್ದ ಅನಿಲದ ದೊಡ್ಡ ಪೈಪ್‌ಲೈನಿಗೆ ಸಿಕ್ಕಿಕೊಂಡು, ಅದನ್ನು ಸುಮಾರು 6 ಮೀಟರ್ ಪಕ್ಕಕ್ಕೆ ಎಳೆಯಿತು. ಪೈಪು ಒಡೆಯಲಿಲ್ಲ. ಒಡೆದಿದ್ದರೆ ಏನಾಗುತ್ತಿತ್ತು ಅಂತ ನೆನೆದರೆ ಈಗಲೂ ಎದೆ ಝಲ್ ಅನ್ನುತ್ತದೆ.

2021ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾದ ಲಾಂಗ್ ಬೀಚ್ ಹೊರಗೆ ಎರಡು ಕಂಟೇನರ್ ಹಡಗುಗಳ ಲಂಗರು ಜಾರಿ ತೈಲದ ಪೈಪನ್ನು ಎಳೆದವು. ಆಗ ಯಾರಿಗೂ ಗೊತ್ತಾಗಲಿಲ್ಲ. ಆ ವರ್ಷದ ಅಕ್ಟೋಬರ್‌ನಲ್ಲಿ ಪೈಪು ಸೋರಿತು. 588 ಬ್ಯಾರೆಲ್‌ನಷ್ಟು ಕಚ್ಚಾ ತೈಲ ಸಮುದ್ರಕ್ಕೆ ಹೋಯಿತು. ಆ ಹಡಗುಗಳು ನಿಂತದ್ದು ನಿಗದಿತ ಲಂಗರು ತಾಣಗಳಲ್ಲೇ. ತಾಣಗಳೇ ಪೈಪಿಗೆ ತೀರಾ ಹತ್ತಿರ ಇದ್ದವು ಅಂತ ಆಮೇಲೆ ತನಿಖೆ ಹೇಳಿತು. ಬಂದರಿನವರು ಕೊಟ್ಟ ಜಾಗ ಅಂದ ಮಾತ್ರಕ್ಕೆ ನಿಮ್ಮ ಲೆಕ್ಕ ಬಿಡಬೇಡಿ ಅನ್ನುವುದು ಇದಕ್ಕೇ. ಜಾಗ ಸರಿ ಕಾಣದಿದ್ದರೆ ಬೇರೆ ಜಾಗ ಕೊಡಿ ಅಂತ ಕೇಳಿ. ಕೇಳುವ ಹಕ್ಕು ಕ್ಯಾಪ್ಟನ್‌ಗೆ ಇದೆ.

ಹೆಜ್ಜೆ 3: ಆಳ, ತಳ, ಗಾಳಿ

ಆಳದ ಅಂಕಿಯ ಪಕ್ಕ ಚಾರ್ಟಿನಲ್ಲಿ ಸಣ್ಣ ಇಂಗ್ಲಿಷ್ ಅಕ್ಷರಗಳಿರುತ್ತವೆ. ಎಸ್ ಅಂದರೆ ಮರಳು, ಎಂ ಅಂದರೆ ಕೆಸರು, ಸಿ-ವೈ ಅಂದರೆ ಜೇಡಿಮಣ್ಣು, ಆರ್ ಅಂದರೆ ಬಂಡೆ, ಸಿ-ಓ ಅಂದರೆ ಹವಳ. ಜೇಡಿಮಣ್ಣು, ಗಟ್ಟಿ ಕೆಸರು, ಮರಳು ಬೆರೆತ ಕೆಸರು ಇದ್ದರೆ ಲಂಗರು ಚೆನ್ನಾಗಿ ಕಚ್ಚುತ್ತದೆ. ತೀರಾ ಮೆತ್ತಗಿನ ಹೂಳಿನಲ್ಲಿ ಬೆಣ್ಣೆಯಲ್ಲಿ ಚಮಚ ಎಳೆದ ಹಾಗೆ ಜಾರುತ್ತದೆ. ಬಂಡೆಯಲ್ಲಿ ಒಂದೋ ಕಚ್ಚುವುದೇ ಇಲ್ಲ, ಇಲ್ಲವೇ ಸಂದಿನಲ್ಲಿ ಸಿಕ್ಕಿಕೊಂಡು ಬರುವುದೇ ಇಲ್ಲ.

ಆಳ ಕಡಿಮೆಯೂ ಆಗಬಾರದು, ಜಾಸ್ತಿಯೂ ಆಗಬಾರದು. ಇಳಿತದ ಹೊತ್ತಿನಲ್ಲಿ ನೀರು ಎಷ್ಟು ಇಳಿಯುತ್ತದೆ, ದೊಡ್ಡ ಅಲೆಗೆ ಹಡಗು ಎಷ್ಟು ಕುಸಿಯುತ್ತದೆ, ಎರಡನ್ನೂ ಕಳೆದ ಮೇಲೂ ಹಡಗಿನಡಿ ಸಾಕಷ್ಟು ನೀರು ಉಳಿಯಬೇಕು. ಮೇಲಿನ ಮಿತಿ ವಿಂಡ್‌ಲಾಸ್‌ನದು. ಆ ಯಂತ್ರದ ವಿನ್ಯಾಸ ಲಂಗರಿನ ಜೊತೆ 82.5 ಮೀಟರ್, ಅಂದರೆ 3 ಶ್ಯಾಕಲ್, ನೇತಾಡುವ ಸರಪಳಿಯನ್ನು ಎತ್ತುವ ಲೆಕ್ಕದಲ್ಲಿ ಇರುತ್ತದೆ. ಅದಕ್ಕಿಂತ ಆಳದಲ್ಲಿ ಬಿಟ್ಟರೆ ಎತ್ತಲು ಆಗದೇ ಹೋಗಬಹುದು. ಹಳೆಯ ಹಡಗಾದರೆ ಆ ಮಿತಿಯ ಹತ್ತಿರಕ್ಕೂ ಹೋಗಬೇಡಿ.

ಇನ್ನೊಂದು ವಿಷಯ ತುಂಬ ಜನರಿಗೆ ಗೊತ್ತಿರುವುದಿಲ್ಲ. ಹಡಗಿನ ಲಂಗರು ಬಿರುಗಾಳಿ ತಡೆಯಲು ಮಾಡಿದ್ದಲ್ಲ. ವರ್ಗೀಕರಣ ಸಂಸ್ಥೆಗಳ ಒಕ್ಕೂಟವಾದ ಐಎಸಿಎಸ್ ಇದನ್ನು ನೇರವಾಗಿಯೇ ಹೇಳಿದೆ. ಬಂದರಿನ ಒಳಗೆ ಅಥವಾ ಮರೆ ಇರುವ ಜಾಗದಲ್ಲಿ ತಾತ್ಕಾಲಿಕವಾಗಿ ನಿಲ್ಲಲು ಇದು. ಸೆಕೆಂಡಿಗೆ 25 ಮೀಟರ್ ಗಾಳಿ, 2.5 ಮೀಟರ್ ನೀರಿನ ಹರಿವು, ಒಳ್ಳೆಯ ತಳ, ಆಳದ 6ರಿಂದ 10 ಪಟ್ಟು ಸರಪಳಿ ಅಂತ ಲೆಕ್ಕ ಹಿಡಿದು ಲಂಗರಿನ ಗಾತ್ರ ನಿರ್ಧರಿಸುತ್ತಾರೆ. ಆ ಲೆಕ್ಕದಲ್ಲಿ ದೊಡ್ಡ ಅಲೆ ಇಲ್ಲ. ತೆರೆದ ಸಮುದ್ರದಲ್ಲಿ ಗಾಳಿಯ ಜೊತೆ ಅಲೆಯೂ ಬರುತ್ತದೆ, ಅಲ್ವಾ? ಆದ್ದರಿಂದ ಕೆಟ್ಟ ಹವೆಯ ಮುನ್ಸೂಚನೆ ಬಂದರೆ ಕಾಯುತ್ತಾ ಕೂರದೆ ಮೊದಲೇ ಎತ್ತಿಕೊಂಡು ಹೊರಗೆ ಹೋಗಿ. ಸರಕಿಲ್ಲದ ಖಾಲಿ ಹಡಗಾದರೆ ಇನ್ನೂ ಬೇಗ. ಅದರ ಗೋಡೆ ನೀರಿನ ಮೇಲೆ ಎತ್ತರಕ್ಕೆ ನಿಂತು ಗಾಳಿಗೆ ಹಾಯಿಯಂತೆ ಸಿಗುತ್ತದೆ.

ಹೆಜ್ಜೆ 4: ಸರಪಳಿ ಎಷ್ಟು, ವೃತ್ತ ಎಷ್ಟು?

ಹಡಗನ್ನು ಹಿಡಿಯುವುದು ಬರೀ ಲಂಗರಿನ ತೂಕ ಅಲ್ಲ. ತಳದಲ್ಲಿ ಮಲಗಿದ ಸರಪಳಿ ಲಂಗರನ್ನು ಅಡ್ಡಡ್ಡವಾಗಿ ಎಳೆಯುತ್ತದೆ. ಹಾಗೆ ಎಳೆದಾಗ ಅದು ಇನ್ನಷ್ಟು ಆಳಕ್ಕೆ ಹೂತುಕೊಳ್ಳುತ್ತದೆ. ಸರಪಳಿ ಕಡಿಮೆಯಾಗಿ ಎಳೆತ ಮೇಲ್ಮುಖವಾದರೆ ಕಿತ್ತು ಬರುತ್ತದೆ.

ಎಷ್ಟು ಬಿಡಬೇಕು ಅನ್ನುವುದಕ್ಕೆ ಒಂದು ಹಳೆಯ ಸೂತ್ರವಿದೆ. ಮೀಟರ್‌ನಲ್ಲಿ ಆಳದ ವರ್ಗಮೂಲ ತೆಗೆದು ಒಂದೂವರೆಯಿಂದ ಗುಣಿಸಿ. ಬಂದದ್ದು ಶ್ಯಾಕಲ್‌ಗಳ ಸಂಖ್ಯೆ. ಆಳ 25 ಮೀಟರ್ ಇದ್ದರೆ ವರ್ಗಮೂಲ 5, ಉತ್ತರ ಏಳೂವರೆ, ಅಂದರೆ 8 ಶ್ಯಾಕಲ್. 36 ಮೀಟರ್ ಇದ್ದರೆ 9. ಇದು ಕನಿಷ್ಠ. ಗಾಳಿ, ಹರಿವು ಇದ್ದರೆ, ಉಳಿಯುವ ಸಮಯ ಜಾಸ್ತಿ ಇದ್ದರೆ ಇನ್ನೂ ಬಿಡಿ.

ಈಗ ವೃತ್ತ. 200 ಮೀಟರ್ ಉದ್ದದ ಹಡಗು, 220 ಮೀಟರ್ ಸರಪಳಿ. ಸರಪಳಿ ಪೂರ್ತಿ ಚಾಚಿದಾಗ ಲಂಗರಿನಿಂದ ಹಡಗಿನ ಹಿಂತುದಿಗೆ 420 ಮೀಟರ್. ಗಾಳಿ, ಉಬ್ಬರ ಇಳಿತ ಬದಲಾದಂತೆ ಹಡಗು ಈ ವೃತ್ತದಲ್ಲಿ ಎಲ್ಲಿ ಬೇಕಾದರೂ ಇರಬಹುದು. ಪಕ್ಕದ ಹಡಗಿಗೂ ಇಂಥದೇ ವೃತ್ತ ಇದೆ. ತುಂಬಿದ ಹಡಗು ಹರಿವಿಗೆ ತಿರುಗುತ್ತದೆ, ಖಾಲಿ ಹಡಗು ಗಾಳಿಗೆ ತಿರುಗುತ್ತದೆ. ಎರಡೂ ಒಂದೇ ಹೊತ್ತಿಗೆ ಒಂದೇ ಕಡೆ ತಿರುಗುತ್ತವೆ ಅಂತ ನಂಬಬೇಡಿ. ಎರಡು ವೃತ್ತಗಳ ನಡುವೆ ಧಾರಾಳ ಜಾಗ ಇರಲಿ.

ಹೆಜ್ಜೆ 5: ಕೇಳಿ, ತಿಳಿಸಿ

ಬಂದರಿನ ಹಡಗು ಸಂಚಾರ ನಿಯಂತ್ರಣ ಕೇಂದ್ರಕ್ಕೆ ವಿಎಚ್‌ಎಫ್ ರೇಡಿಯೋದಲ್ಲಿ ಮೊದಲೇ ಮಾತಾಡಿ. ತಾಣದ ಹೆಸರು ಅಥವಾ ಸಂಖ್ಯೆಯನ್ನು ಅವರು ಹೇಳಿದಂತೆ ತಿರುಗಿ ಹೇಳಿ ಖಚಿತಪಡಿಸಿಕೊಳ್ಳಿ. ಸ್ಫೋಟಕ ಸರಕಿನ ಹಡಗಿಗೆ, ರೋಗ ತಪಾಸಣೆಗೆ, ಇಂಧನ ತುಂಬಿಸಲು ಬೇರೆ ಬೇರೆ ತಾಣಗಳಿರುತ್ತವೆ. ಏಜೆಂಟರು ಮೇಲ್‌ನಲ್ಲಿ ಕಳಿಸಿದ ಅಕ್ಷಾಂಶ ರೇಖಾಂಶವನ್ನು ಹಾಗೇ ನಂಬದೆ ಚಾರ್ಟಿನಲ್ಲಿ ಹಾಕಿ ನೋಡಿ. ಒಂದು ಅಂಕಿ ತಪ್ಪಿದರೆ ಜಾಗ ಮೈಲಿಗಟ್ಟಲೆ ಆಚೆ ಬೀಳುತ್ತದೆ.

ಹೆಜ್ಜೆ 6: ಲಂಗರು ಬಿಡುವಾಗ

ತಾಣಕ್ಕೆ ಹೋಗುವಾಗ ಅಲ್ಲಿ ಆಗಲೇ ನಿಂತಿರುವ ನಿಮ್ಮಂಥದೇ ಹಡಗುಗಳ ಮುಖ ಎತ್ತ ಇದೆ ನೋಡಿ. ಗಾಳಿ, ಹರಿವು ಎರಡೂ ಸೇರಿ ಹಡಗನ್ನು ಹೇಗೆ ತಿರುಗಿಸುತ್ತಿವೆ ಅನ್ನುವುದನ್ನು ಅವೇ ತೋರಿಸುತ್ತವೆ. ಅದೇ ದಿಕ್ಕಿಗೆ ಮುಖ ಮಾಡಿ ನಿಧಾನವಾಗಿ ಹೋಗಿ. ನಿಂತಿರುವ ಹಡಗಿನ ಮುಂದಿನಿಂದ ದಾಟಬೇಡಿ, ಹಿಂದಿನಿಂದ ದಾಟಿ. ಹರಿವು ನಿಮ್ಮನ್ನು ಅದರ ಸರಪಳಿಯ ಮೇಲೆ ತಳ್ಳಿದರೆ ಬಿಡಿಸಿಕೊಳ್ಳುವುದು ತುಂಬ ಕಷ್ಟ.

ಎಂಜಿನ್ ಹಿಂದಕ್ಕೆ ಕೊಟ್ಟಾಗ ಪ್ರೊಪೆಲರಿನ ನೊರೆ ಹಡಗಿನ ಪಕ್ಕದಲ್ಲಿ ಮುಂದಕ್ಕೆ ಹರಿಯುತ್ತದೆ. ಆ ನೊರೆ ಹಡಗಿನ ನಡುಭಾಗಕ್ಕೆ ಬಂದಾಗ ಹಡಗು ನೀರಿನಲ್ಲಿ ಹೆಚ್ಚುಕಡಿಮೆ ನಿಂತಿದೆ ಅಂತ ಅರ್ಥ. ಜಿಪಿಎಸ್ ಬರುವ ಮುಂಚಿನ ಕಾಲದ ಉಪಾಯ ಇದು. ಈಗಲೂ ನಾನು ಬ್ರಿಡ್ಜಿನ, ಅಂದರೆ ಹಡಗು ನಡೆಸುವ ಕೋಣೆಯ, ಪಕ್ಕಕ್ಕೆ ಚಾಚಿದ ರೆಕ್ಕೆಗೆ ಹೋಗಿ ಬಗ್ಗಿ ನೋಡದೆ ಲಂಗರು ಬಿಡಿ ಅಂತ ಹೇಳಿದವನಲ್ಲ. ಹಡಗು ತೀರಾ ನಿಧಾನವಾಗಿ, ಗಂಟೆಗೆ ಅರ್ಧ ನಾಟಿಕಲ್ ಮೈಲಿಗಿಂತ ಕಡಿಮೆ ವೇಗದಲ್ಲಿ, ಹಿಂದಕ್ಕೆ ಸರಿಯುವಾಗ ಬಿಡಬೇಕು. ಆಗ ಸರಪಳಿ ಒಂದರ ಮೇಲೊಂದು ಗುಡ್ಡೆ ಬೀಳದೆ ಉದ್ದಕ್ಕೆ ಮಲಗುತ್ತದೆ.

ಆಳ ಜಾಸ್ತಿ ಇದ್ದರೆ, ಅಥವಾ ಲಂಗರು ತುಂಬ ದೊಡ್ಡದಿದ್ದರೆ, ಬ್ರೇಕ್ ಬಿಟ್ಟು ಬೀಳಿಸಬೇಡಿ. ವಿಂಡ್‌ಲಾಸ್ ಗೇರಿನಲ್ಲಿ ಇಟ್ಟು ನಿಧಾನವಾಗಿ ಇಳಿಸಿ. ಓಡುವ ಸರಪಳಿಯನ್ನು ಬ್ರೇಕ್ ಹಿಡಿಯದೇ ಹೋದರೆ ಕಿಡಿ, ತುಕ್ಕಿನ ಧೂಳು, ಹೊಗೆ ಏಳುತ್ತದೆ. ಕೊನೆಯ ಕೊಂಡಿ ಕಿತ್ತು ಇಡೀ ಸರಪಳಿ ಸಮುದ್ರ ಸೇರಬಹುದು. ಮುಂಭಾಗದಲ್ಲಿ ಇರುವವರಿಗೆ ಹೆಲ್ಮೆಟ್, ಕನ್ನಡಕ ಕಡ್ಡಾಯ. ಸರಪಳಿಯ ನೇರಕ್ಕೆ ಯಾರೂ ನಿಲ್ಲಬಾರದು.

ಬೇಕಾದಷ್ಟು ಬಿಟ್ಟು ಬ್ರೇಕ್ ಬಿಗಿದ ಮೇಲೆ ನೋಡಬೇಕಾದದ್ದು ಸರಪಳಿಯನ್ನು. ಹಡಗು ಹಿಂದಕ್ಕೆ ಸರಿದಂತೆ ಅದು ನೀರಿನಿಂದ ಮೇಲೆದ್ದು, ನೀರು ತೊಟ್ಟಿಕ್ಕಿಸುತ್ತಾ, ಬಿಗಿಯಾಗಿ ಮುಂದಕ್ಕೆ ಚಾಚುತ್ತದೆ. ಆಮೇಲೆ ಹಡಗು ಒಂದು ಸಲ ಸಣ್ಣಗೆ ಮುಂದಕ್ಕೆ ಬರುತ್ತದೆ. ಸರಪಳಿ ಸಡಿಲಾಗಿ ಮತ್ತೆ ನೀರಿಗೆ ಇಳಿಯುತ್ತದೆ. ಲಂಗರು ಕಚ್ಚಿದೆ ಅನ್ನುವುದರ ಗುರುತು ಅದು. ಬಿಗಿಯಾಗಿ ಎದ್ದು, ನಡುಗಿ, ಸಡಿಲಾಗಿ, ಮತ್ತೆ ಬಿಗಿಯಾಗಿ ನಡುಗುತ್ತಿದ್ದರೆ ಕಚ್ಚಿಲ್ಲ. ಎತ್ತಿ ಮತ್ತೆ ಹಾಕಿ. ಎರಡು ಗಂಟೆ ಹೋದರೂ ಪರವಾಗಿಲ್ಲ.

ಹೆಜ್ಜೆ 7: ಅಲಾರಂ, ದೀಪ, ಕಾವಲು

ನಾನು ಥರ್ಡ್ ಆಫೀಸರ್ ಆಗಿದ್ದ ಮೊದಲ ವರ್ಷ ಮಾಡಿದ ತಪ್ಪನ್ನು ಹೇಳುತ್ತೇನೆ. ಲಂಗರು ಬಿದ್ದಾಗ ಜಿಪಿಎಸ್ ತೋರಿಸಿದ ಜಾಗವನ್ನೇ ಕೇಂದ್ರವಾಗಿಟ್ಟು ಅಲಾರಂ ವೃತ್ತ ಹಾಕಿದೆ. ಆದರೆ ಜಿಪಿಎಸ್ ಆಂಟೆನಾ ಇರುವುದು ಬ್ರಿಡ್ಜ್ ಮೇಲೆ. ಲಂಗರು ಬಿದ್ದದ್ದು ಅಲ್ಲಿಂದ 165 ಮೀಟರ್ ಮುಂದೆ. ಮಧ್ಯರಾತ್ರಿ ಹರಿವು ತಿರುಗಿತು, ಹಡಗೂ ತಿರುಗಿತು, ಅಲಾರಂ ಹೊಡೆದುಕೊಳ್ಳತೊಡಗಿತು. ಜಾರಿಲ್ಲವಲ್ಲ, ಸುಮ್ನೆ ಹೊಡೀತಿದೆ ಅಂದುಕೊಂಡು ವೃತ್ತವನ್ನೇ ದೊಡ್ಡದು ಮಾಡಿದೆ. ಸ್ವಲ್ಪ ಹೊತ್ತಿಗೆ ಕ್ಯಾಪ್ಟನ್ ಮೇಲೆ ಬಂದರು, ಪರದೆ ನೋಡಿದರು. ಬೈಯಲಿಲ್ಲ. "ಈಗ ನಿಜವಾಗಿ ಜಾರಿದರೆ ಇದು ಯಾವಾಗ ಹೊಡೆಯುತ್ತೆ, ಲೆಕ್ಕ ಹಾಕಿ ಹೇಳಿ" ಅಂದರು. ಲೆಕ್ಕ ಹಾಕಿದೆ. 300 ಮೀಟರ್ ಜಾರಿದ ಮೇಲೆ ಅಂತ ಬಂತು.

ಸರಿಯಾದ ಕ್ರಮ ಇದು. ಲಂಗರು ಬಿಟ್ಟ ಕ್ಷಣದಲ್ಲಿ ಹಡಗಿನ ಮುಖ ಯಾವ ದಿಕ್ಕಿಗಿತ್ತು ಬರೆದುಕೊಳ್ಳಿ. ಆಂಟೆನಾದಿಂದ ಆ ದಿಕ್ಕಿನಲ್ಲಿ 165 ಮೀಟರ್ ಮುಂದೆ ಲಂಗರಿನ ಜಾಗ ಗುರುತಿಸಿ. ಅದೇ ಕೇಂದ್ರ. ಸರಪಳಿಯ 220ಕ್ಕೆ 165 ಸೇರಿಸಿ. 385 ಮೀಟರ್ ವೃತ್ತದ ಒಳಗೆ ಆಂಟೆನಾ ಇರಬೇಕು. ಅಲಾರಂ ಅದಕ್ಕಿಂತ ತುಸು ಆಚೆಗೆ ಇಡಿ. ಹೊರಗೆ ಹೋದರೆ ಜಾರಿದೆ ಅಂತಲೇ ತಿಳಿಯಿರಿ.

ಹಗಲು ಮುಂಭಾಗದಲ್ಲಿ ಒಂದು ಕಪ್ಪು ಚೆಂಡು ಏರಿಸಬೇಕು. ರಾತ್ರಿ ಮುಂದೆ ಒಂದು, ಹಿಂದೆ ಅದಕ್ಕಿಂತ ತಗ್ಗಿನಲ್ಲಿ ಒಂದು, ಎಲ್ಲ ದಿಕ್ಕಿಗೂ ಕಾಣುವ ಬಿಳಿ ದೀಪ. 50 ಮೀಟರ್‌ಗಿಂತ ಚಿಕ್ಕ ಹಡಗಿಗೆ ಒಂದೇ ಸಾಕು. 100 ಮೀಟರ್ ಮತ್ತು ಮೇಲ್ಪಟ್ಟ ಹಡಗು ಡೆಕ್ ದೀಪಗಳನ್ನೂ ಹಚ್ಚಬೇಕು. ಮಂಜಿನಲ್ಲಿ ನಿಮಿಷಕ್ಕೊಮ್ಮೆ 5 ಸೆಕೆಂಡು ಗಂಟೆ ಬಾರಿಸಬೇಕು. 100 ಮೀಟರ್ ಮತ್ತು ಮೇಲ್ಪಟ್ಟ ಹಡಗು ಹಿಂಭಾಗದಲ್ಲಿ ಜಾಗಟೆಯನ್ನೂ ಬಾರಿಸಬೇಕು. ಹಡಗಿನ ಗುರುತು, ಜಾಗವನ್ನು ರೇಡಿಯೋದಲ್ಲಿ ತಾನಾಗಿ ಕಳಿಸುವ ಎಐಎಸ್‌ನಲ್ಲಿ ಸ್ಥಿತಿಯನ್ನು 'ಲಂಗರಿನಲ್ಲಿದೆ' ಅಂತ ಬದಲಾಯಿಸಿ. ಆಮೇಲೆ ಅದು 3 ನಿಮಿಷಕ್ಕೊಮ್ಮೆ ಮಾತ್ರ ನಿಮ್ಮ ಜಾಗ ಕಳಿಸುತ್ತದೆ. ನೆರೆಯ ಹಡಗು ಜಾರುತ್ತಿದೆಯಾ ಅಂತ ಎಐಎಸ್ ಒಂದನ್ನೇ ನಂಬಿ ಕೂರಬಾರದು ಅನ್ನುವುದಕ್ಕೆ ಇದೂ ಒಂದು ಕಾರಣ. ರಾಡಾರ್‌ನಲ್ಲೂ ನೋಡಿ, ಕಣ್ಣಿನಲ್ಲೂ ನೋಡಿ.

ಗಾಳಿಯಲ್ಲಿ ಹಡಗು ಎಡಕ್ಕೂ ಬಲಕ್ಕೂ ತೂಗುತ್ತಾ ಪರದೆಯ ಮೇಲೆ 8ರ ಆಕಾರ ಬರೆಯುತ್ತದೆ. ಅದು ಸಹಜ. ಆ ತೂಗಾಟ ನಿಂತು, ಹಡಗು ಗಾಳಿಗೆ ಪಕ್ಕ ಕೊಟ್ಟು, ಮುಖ ಗಾಳಿಯ ಕಡೆಗೆ ತಿರುಗದೇ ಹೋದರೆ ಜಾರುತ್ತಿದೆ. ಅನುಮಾನ ಬಂದರೆ ಮುಂಭಾಗಕ್ಕೆ ಒಬ್ಬರನ್ನು ಕಳಿಸಿ. ಸರಪಳಿಯನ್ನು ಹಿಡಿದಿಡುವ ಸ್ಟಾಪರ್ ಬಿಗಿಯಾಗಿದ್ದಾಗ, ಪಕ್ಕದಲ್ಲಿ ನಿಂತು, ಸರಪಳಿಯ ಮೇಲೆ ಅಂಗೈ ಇಡಬೇಕು. ಲಂಗರು ಹಿಡಿದಿದ್ದರೆ ಸರಪಳಿ ತಣ್ಣಗೆ, ಗಟ್ಟಿಯಾಗಿ, ಸುಮ್ಮನಿರುತ್ತದೆ. ಜಾರುತ್ತಿದ್ದರೆ ಗಾಡಿ ಕಲ್ಲಿನ ರಸ್ತೆಯಲ್ಲಿ ಹೋದ ಹಾಗೆ ಗಡಗಡ ನಡುಕ ಕೈಗೆ ಬರುತ್ತದೆ. ಒಬ್ಬ ಹಿರಿಯ ಬೋಸನ್, ಅಂದರೆ ಡೆಕ್ ಕೆಲಸಗಾರರ ಮುಖ್ಯಸ್ಥರು, ನನ್ನ ಕೈ ಹಿಡಿದು ಅಲ್ಲಿಟ್ಟು ತೋರಿಸಿದ್ದರು. ಆ ನಡುಕವನ್ನು ಒಮ್ಮೆ ಮುಟ್ಟಿ ನೋಡಿದವರು ಮರೆಯುವುದಿಲ್ಲ.

ಹೆಜ್ಜೆ 8: ಜಾರಿದರೆ

ಮೊದಲು ಕ್ಯಾಪ್ಟನ್‌ಗೆ ಕರೆ. ಎಬ್ಬಿಸಲು ಸಂಕೋಚ ಬೇಡ. ಜೊತೆಜೊತೆಗೇ ಎಂಜಿನ್ ರೂಮಿಗೆ ತಿಳಿಸಿ, ಮುಂಭಾಗಕ್ಕೆ ಜನ ಕಳಿಸಿ. ನಂತರ ಸಂಚಾರ ಕೇಂದ್ರಕ್ಕೆ, ಹತ್ತಿರದ ಹಡಗುಗಳಿಗೆ ಹೇಳಿ. ಕೆಳಗೆ ಪೈಪು ಅಥವಾ ಕೇಬಲ್ ಇದ್ದರೆ ಅದನ್ನು ಬಾಯಿಬಿಟ್ಟು ಹೇಳಿ. ಅದರ ಮಾಲೀಕರಿಗೆ ಸುದ್ದಿ ಮುಟ್ಟಿದರೆ ಹರಿವು ನಿಲ್ಲಿಸಿ ತಪಾಸಣೆ ಮಾಡಿಸಬಹುದು. ಕ್ಯಾಲಿಫೋರ್ನಿಯಾದಲ್ಲಿ ಆ ಸುದ್ದಿ ಮುಟ್ಟಲೇ ಇಲ್ಲ.

ಇನ್ನಷ್ಟು ಸರಪಳಿ ಬಿಡುವುದು ಜಾರಲು ಶುರುವಾಗುವ ಮುಂಚೆ, ಅಥವಾ ತೀರಾ ಶುರುವಿನಲ್ಲಿ ಮಾತ್ರ ಉಪಯೋಗ. ವೇಗ ಹಿಡಿದ ಮೇಲೆ ಬಿಟ್ಟರೆ ಎತ್ತಬೇಕಾದ ಸರಪಳಿ ಜಾಸ್ತಿಯಾಗುತ್ತದೆ, ಅಷ್ಟೇ. ಎಂಜಿನ್ ನಿಧಾನವಾಗಿ ಮುಂದಕ್ಕೆ ಕೊಟ್ಟು ಸರಪಳಿಯ ಮೇಲಿನ ಭಾರ ಇಳಿಸಿ, ಆಮೇಲೆ ಎತ್ತಿ. ಭಾರ ಇಳಿಸದೆ ವಿಂಡ್‌ಲಾಸ್‌ನಿಂದಲೇ ಹಡಗನ್ನು ಎಳೆಯಲು ಹೋದರೆ ಮೋಟರ್ ಒಡೆಯಬಹುದು. ಒಡೆದ ಚೂರು ತಗುಲಿ ಜನ ಗಾಯಗೊಂಡದ್ದಿದೆ.

ಲಂಗರು ಕೇಬಲ್‌ಗೋ ಪೈಪಿಗೋ ಸಿಕ್ಕಿಕೊಂಡಿದೆ ಅನ್ನಿಸಿದರೆ ಎಳೆಯಬೇಡಿ. ಕೇಬಲ್ ಕಡಿಯಲಂತೂ ಹೋಗಲೇಬೇಡಿ. ಅದರಲ್ಲಿ ಹರಿಯುತ್ತಿರುವುದು ಭಾರಿ ವೋಲ್ಟೇಜಿನ ಕರೆಂಟ್ ಇರಬಹುದು. ಬಂದರಿಗೆ ತಿಳಿಸಿ. ಬೇರೆ ದಾರಿ ಇಲ್ಲದಿದ್ದರೆ ಸರಪಳಿಗೆ ಬೋಯ್ ಕಟ್ಟಿ ಲಂಗರನ್ನೇ ಬಿಟ್ಟುಬಿಡಿ. ಲಂಗರು ಹೋದರೆ ಕಂಪನಿ ಏನನ್ನುತ್ತದೋ ಅಂತ ಹೆದರುವವರು ಇದ್ದಾರೆ. ಅವರಿಗೆ ಗೊತ್ತಿರಬೇಕಾದ ವಿಷಯ: ಕೇಬಲ್ ಅಥವಾ ಪೈಪು ಉಳಿಸಲು ಲಂಗರು ಕಳೆದುಕೊಂಡ ಹಡಗಿನ ಮಾಲೀಕರಿಗೆ ಆ ಕೇಬಲ್ ಅಥವಾ ಪೈಪಿನ ಮಾಲೀಕರು ಪರಿಹಾರ ಕೊಡಬೇಕು. ಕೇಬಲ್‌ಗಳ ಮಟ್ಟಿಗೆ 1884ರ ಪ್ಯಾರಿಸ್ ಕೇಬಲ್ ಒಪ್ಪಂದದಲ್ಲೇ ಇದು ಇತ್ತು. ಈಗ ಸಮುದ್ರ ಕಾನೂನು ಒಪ್ಪಂದದ 115ನೇ ವಿಧಿಯಲ್ಲಿದೆ. ಮೊದಲೇ ತಕ್ಕ ಎಚ್ಚರ ವಹಿಸಿದ್ದಿರಬೇಕು ಅನ್ನುವುದು ಷರತ್ತು. ಆದ್ದರಿಂದ ಸಮಯ, ಜಾಗ, ಸಾಕ್ಷಿಗಳ ಹೇಳಿಕೆ ಎಲ್ಲವನ್ನೂ ಆಗಿಂದಾಗಲೇ ಬರೆದಿಡಿ.

ಹೆಜ್ಜೆ 9: ಎತ್ತಿ ಹೊರಡುವಾಗ

ಸರಪಳಿ ಮೇಲೆ ಬರುವಾಗ ನೀರು ಹೊಡೆದು ಕೆಸರು ತೊಳೆಯಿರಿ. ಮುಂಭಾಗದಲ್ಲಿ ನಿಂತವರು ಸರಪಳಿ ಯಾವ ದಿಕ್ಕಿಗಿದೆ ಅನ್ನುವುದನ್ನು ಗಡಿಯಾರದ ಮುಳ್ಳಿನಂತೆ ಬ್ರಿಡ್ಜ್‌ಗೆ ಹೇಳುತ್ತಿರಬೇಕು. 12 ಗಂಟೆ ಅಂದರೆ ನೇರ ಮುಂದೆ, 3 ಗಂಟೆ ಅಂದರೆ ಬಲಕ್ಕೆ. ಲಂಗರು ನೀರಿನಿಂದ ಮೇಲೆ ಬಂದಾಗ ಬಗ್ಗಿ ನೋಡಿ, ಅದಕ್ಕೆ ಬೇರೆ ಏನೂ ಸಿಕ್ಕಿಕೊಂಡಿಲ್ಲ ಅಂತ ಖಚಿತವಾದ ಮೇಲೇ ಹಡಗು ಓಡಿಸಿ.

ಚೆಂಡು ಇಳಿಸಿ, ಎಐಎಸ್ ಬದಲಾಯಿಸಿ, ಹೊರಟ ಸಮಯ ತಿಳಿಸಿ. ಆಮೇಲೆ ಲಂಗರನ್ನು ಅದರ ಗೂಡಿಗೆ ಪೂರ್ತಿ ಎಳೆದು, ಬ್ರೇಕ್ ಬಿಗಿದು, ಸ್ಟಾಪರ್ ಹಾಕಿ, ವೈರಿನ ಕಟ್ಟನ್ನೂ ಬಿಗಿಯಬೇಕು. 2023ರ ಅಕ್ಟೋಬರ್ 8ರಂದು ಫಿನ್ಲೆಂಡ್ ಮತ್ತು ಎಸ್ಟೋನಿಯಾ ನಡುವಿನ ಬಾಲ್ಟಿಕ್‌ಕನೆಕ್ಟರ್ ಅನಿಲ ಪೈಪ್‌ಲೈನ್ ಒಡೆಯಿತು. ಅದರ ಹತ್ತಿರ ಸಮುದ್ರದಿಂದ ಎತ್ತಿದ್ದು ಓಡುತ್ತಿದ್ದ ಹಡಗೊಂದರ 6 ಟನ್ ತೂಕದ ಲಂಗರು. ಹಾಗಾಗಿ ಹೊರಟ ಮೇಲೆ ಚೀಫ್ ಆಫೀಸರ್ ಸ್ವತಃ ಮುಂಭಾಗಕ್ಕೆ ಹೋಗಿ, ಎರಡೂ ಲಂಗರಿನ ವೈರನ್ನು ಕೈಯಿಂದ ಎಳೆದು ನೋಡಿ, ಬಿಗಿ ಇದೆ ಅಂತ ಬ್ರಿಡ್ಜ್‌ಗೆ ಹೇಳಲಿ. ಆ ಸಮಯವನ್ನು ಲಾಗ್‌ಬುಕ್‌ನಲ್ಲಿ ಬರೆಯಿರಿ.